ಅಡಗುವ ಹಕ್ಕಿ ಆಕಾಶದಲ್ಲೇಕೆ ಕೂಗುತ್ತದೆ?

ಬೇಸಿಗೆ ರಜೆ ಶುರುವಾದರೆ ಸಾಕು, ಈ ಅಂಕಣಕ್ಕೆ ಮಕ್ಕಳಿಂದ ಬರುವ ಪತ್ರಗಳಲ್ಲಿ ಒಂದು ಹಕ್ಕಿ ತಪ್ಪದೆ ಹಾಜರಾಗುತ್ತದೆ. ಬರೆದವರಿಗೆ ಅದರ ಹೆಸರು ಗೊತ್ತಿರುವುದಿಲ್ಲ. ಕ್ರಿಕೆಟ್ ಆಡುವಾಗ ಬೌಂಡರಿ ಆಚೆ ಕಂಡಿತು ಎನ್ನುತ್ತಾರೆ, ಅಜ್ಜಿಯ ಊರಿನ ಹೊಲದಲ್ಲಿ ಕಂಡಿತು ಎನ್ನುತ್ತಾರೆ. ಗುಬ್ಬಿಗಿಂತ ಚಿಕ್ಕದು, ಇದ್ದಕ್ಕಿದ್ದ ಹಾಗೆ ಮೇಲಕ್ಕೆ ಹಾರುತ್ತದೆ, ಅಲ್ಲಿಂದ ರೆಕ್ಕೆ ಮುಚ್ಚಿ ತಲೆಕೆಳಗಾಗಿ ಬೀಳುತ್ತದೆ, ಇನ್ನೇನು ನೆಲಕ್ಕೆ ಬಡಿಯಿತು ಅನ್ನುವಷ್ಟರಲ್ಲಿ ಮತ್ತೆ ಏಳುತ್ತದೆ, ಬೀಳುವಾಗೆಲ್ಲ ಸೀಟಿ ಹೊಡೆಯುತ್ತದೆ. ಅದಕ್ಕೆ ಹುಷಾರಿಲ್ಲವೇ, ಯಾರಾದರೂ ಕಲ್ಲು ಹೊಡೆದರೇ ಎಂದು ಕೇಳುವವರೂ ಉಂಟು. ಇನ್ನು ಕೆಲವರ ಪ್ರಶ್ನೆ ಬೇರೆ: ‘ನೆಲದ ಮೇಲೆ ಮೂರು ಮೊಟ್ಟೆ ನೋಡಿದೆ, ಯಾರು ಬಿಟ್ಟು ಹೋದರು?’ ಎರಡು ಪ್ರಶ್ನೆಗೂ ಉತ್ತರ ಹೆಚ್ಚಿನ ಸಲ ಒಂದೇ ಹಕ್ಕಿ. ಅದು ನೆಲಗುಬ್ಬಿ.

ಬೂದು ನೆತ್ತಿಯ ನೆಲಗುಬ್ಬಿ ಎಂದು ಪೂರ್ತಿ ಹೆಸರಿಟ್ಟು ಕರೆಯಬಹುದು. ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗೆ ಅಳೆದರೆ ಹನ್ನೆರಡು ಹದಿಮೂರು ಸೆಂಟಿಮೀಟರು, ನಿಮ್ಮ ಜಾಮಿಟ್ರಿ ಬಾಕ್ಸಿನ ಸ್ಕೇಲಿಗಿಂತ ಕಡಿಮೆ. ಗಂಡಿನ ನೆತ್ತಿ ಬೂದು, ಕೆನ್ನೆ ಬಿಳಿ, ಕಣ್ಣಿನ ಮೇಲೆ ಅಡ್ಡಲಾಗಿ ಕಪ್ಪು ಪಟ್ಟಿ. ಗಲ್ಲದಿಂದ ಹೊಟ್ಟೆಯವರೆಗೂ ಮಸಿ ಬಳಿದಷ್ಟು ಕಪ್ಪು, ಬೆನ್ನು ಮಾತ್ರ ಮಣ್ಣಿನ ಬಣ್ಣ. ಹೆಣ್ಣಿಗೆ ಈ ಯಾವ ಅಲಂಕಾರವೂ ಇಲ್ಲ. ಮೈಯೆಲ್ಲ ಮಾಸಲು ಕಂದು, ಮೇಲೆ ತೆಳು ಗೀರುಗಳು. ದೂರದಿಂದ ನೋಡಿದವರು ಹೆಣ್ಣು ಗುಬ್ಬಚ್ಚಿ ಎಂದುಕೊಂಡು ಮುಂದೆ ಹೋಗುತ್ತಾರೆ. ಕೊಕ್ಕು ಎರಡಕ್ಕೂ ದಪ್ಪ ಮತ್ತು ಗಿಡ್ಡ, ಹುಲ್ಲಿನ ಬೀಜ ಒಡೆಯಲು ಹೇಳಿ ಮಾಡಿಸಿದ್ದು. ಇಟಲಿಯ ಸ್ಕೊಪೊಲಿ ಎಂಬ ವಿಜ್ಞಾನಿ 1786ರಲ್ಲೇ ಇದಕ್ಕೆ ವೈಜ್ಞಾನಿಕ ಹೆಸರಿಟ್ಟಿದ್ದಾರೆ. ಇದರ ಬೀಡೆಲ್ಲ ನಮ್ಮ ಉಪಖಂಡದ ಬಯಲುಗಳಲ್ಲೇ.

ಇದನ್ನು ಹುಡುಕುವವರು ಲಾಲ್‌ಬಾಗಿಗೋ ಆಗುಂಬೆಗೋ ಹೋಗಬೇಕಾಗಿಲ್ಲ. ಹೋದರೆ ಸಿಗುವುದೂ ಇಲ್ಲ. ದಟ್ಟ ಕಾಡು, ತೇವದ ಜಾಗ, ನೆರಳು ತುಂಬಿದ ತೋಟ ಇದಕ್ಕೆ ಒಗ್ಗುವುದಿಲ್ಲ. ಹುರುಳಿ ಕಿತ್ತು ಬೀಳು ಬಿಟ್ಟ ಹೊಲ, ಉತ್ತು ಮಳೆಗೆ ಕಾಯುತ್ತಿರುವ ಹೊಲ, ಏಪ್ರಿಲ್‌ನಲ್ಲಿ ಬತ್ತಿದ ಕೆರೆಯಂಗಳ, ಊರಾಚೆಯ ಗೋಮಾಳ, ಸೈಟು ಮಾಡಿ ಕಲ್ಲು ನೆಟ್ಟು ಇನ್ನೂ ಮನೆ ಕಟ್ಟದ ಬಡಾವಣೆ, ಇವೇ ಅದರ ವಿಳಾಸ. ಕೋಲಾರ, ತುಮಕೂರು, ಚಿತ್ರದುರ್ಗದಿಂದ ಹಿಡಿದು ಕಲಬುರ್ಗಿ, ವಿಜಯಪುರದವರೆಗಿನ ಮಕ್ಕಳಿಗೆ ಮನೆಯಿಂದ ಹೊರಬಿದ್ದರೆ ಸಾಕು. ಮಲೆನಾಡಿನವರು ಮಾತ್ರ ಸ್ವಲ್ಪ ಬಸ್ಸು ಹತ್ತಬೇಕು.

ಹೆಸರಿನಲ್ಲಿ ಗುಬ್ಬಿ ಇದ್ದರೂ ಮನೆ ಗುಬ್ಬಚ್ಚಿಯ ದಾಯಾದಿಯಲ್ಲ ಇದು. ಬಾನಾಡಿಗಳು ಎಂಬ ಬೇರೆಯೇ ಕುಟುಂಬಕ್ಕೆ ಸೇರಿದ್ದು. ಲೋಕದಲ್ಲಿ ನೂರರ ಆಸುಪಾಸು ಜಾತಿಗಳಿರುವ, ಆಫ್ರಿಕದಲ್ಲಿ ಅತಿ ಹೆಚ್ಚು ನೆಲೆಸಿರುವ ಕುಟುಂಬ ಅದು. ಈ ಮಾತನ್ನು ನೀವೇ ಪರೀಕ್ಷೆ ಮಾಡಿ ನೋಡಬಹುದು, ದುರ್ಬೀನು ಬೇಡ. ಗುಬ್ಬಚ್ಚಿ ನೆಲಕ್ಕಿಳಿದರೆ ಎರಡೂ ಕಾಲು ಜೋಡಿಸಿ ಕುಪ್ಪಳಿಸುತ್ತದೆ. ನೆಲಗುಬ್ಬಿ ನಮ್ಮ ಹಾಗೆ ಒಂದು ಕಾಲಾದ ಮೇಲೆ ಒಂದು ಕಾಲಿಟ್ಟು ನಡೆಯುತ್ತದೆ, ಅವಸರವಿದ್ದರೆ ಓಡುತ್ತದೆ. ಗಾಡಿದಾರಿಯ ನುಣ್ಣನೆ ಧೂಳಿನ ಮೇಲೆ ಬೆಳಗಿನ ಹೊತ್ತು ಬಗ್ಗಿ ನೋಡಿ. ಗುಬ್ಬಚ್ಚಿಯ ಹೆಜ್ಜೆಗಳು ಜೋಡಿ ಜೋಡಿಯಾಗಿ ಬಿದ್ದಿರುತ್ತವೆ, ನೆಲಗುಬ್ಬಿಯವು ಎಡ-ಬಲ ಎಡ-ಬಲ ಎಂದು ಒಂದರ ಹಿಂದೊಂದು ಸಾಲು ಹಿಡಿದಿರುತ್ತವೆ. ದಿನದ ಬಹುಪಾಲು ನೆಲದ ಮೇಲೆಯೇ ಕಳೆಯುವ ಹಕ್ಕಿಗೆ ಕುಪ್ಪಳಿಸುವುದಕ್ಕಿಂತ ನಡೆಯುವುದೇ ಅನುಕೂಲ.

ನೆಲದ ಮೇಲೆ ಬದುಕುವುದೆಂದರೆ ತಮಾಷೆಯಲ್ಲ. ನರಿ, ಮುಂಗುಸಿ, ಉಡ, ಹಾವು, ಬೀದಿನಾಯಿ, ಬೆಕ್ಕು, ಕಾಗೆ ಎಲ್ಲರಿಗೂ ನೆಲ ಕೈಗೆಟುಕುತ್ತದೆ. ಹತ್ತಿ ಕೂರಲು ಮರವಿಲ್ಲ, ನುಗ್ಗಿ ಅಡಗಲು ಪೊದೆಯಿಲ್ಲ. ಇಂಥ ಕಡೆ ಇಪ್ಪತ್ತು ಗ್ರಾಮೂ ತೂಗದ ಜೀವ ಉಳಿದುಕೊಂಡಿರುವುದು ಒಂದೇ ಒಂದು ವಿದ್ಯೆಯಿಂದ: ಕಣ್ಣಿಗೆ ಬೀಳದಿರುವುದು. ನೀವು ನಡೆದು ಬರುವುದನ್ನು ಅದು ಮೊದಲೇ ನೋಡಿರುತ್ತದೆ. ಹಾರುವುದಿಲ್ಲ, ಹೊಟ್ಟೆಯನ್ನು ಮಣ್ಣಿಗೆ ಒತ್ತಿ ಕುಕ್ಕರಿಸುತ್ತದೆ. ಕುಕ್ಕರಿಸಿದ ಮೇಲೆ ಅದಕ್ಕೂ ಪಕ್ಕದ ಹೆಂಟೆಗೂ ವ್ಯತ್ಯಾಸ ತಿಳಿಯುವುದಿಲ್ಲ. ನೀವು ಹತ್ತಿರ ಬಂದರೂ ಅಲುಗದು, ಇನ್ನೇನು ಕಾಲಡಿಗೆ ಸಿಕ್ಕಿತು ಅನ್ನುವಾಗ ಬುರ್ರನೆ ಎದ್ದು ನಿಮ್ಮ ಎದೆ ಝಲ್ಲೆನಿಸಿ, ಹತ್ತು ಮಾರು ದೂರದಲ್ಲಿ ಇಳಿದು ಮತ್ತೆ ಮಾಯ. ಇಳಿದ ಜಾಗದಲ್ಲಿ ಹುಡುಕಿದರೆ ಸಿಗದು. ಅಷ್ಟರಲ್ಲಿ ಅದು ನೇಗಿಲ ಸಾಲಿನೊಳಗೆ ತಲೆ ತಗ್ಗಿಸಿ ಓಡಿ ಬೇರೆಲ್ಲೋ ಕೂತಿರುತ್ತದೆ.

ಬಾನಾಡಿ ಕುಟುಂಬದವರು ಈ ಬಣ್ಣದ ವಿದ್ಯೆಯನ್ನು ಎಷ್ಟು ದೂರ ಒಯ್ದಿದ್ದಾರೆಂದರೆ, ಜೋರ್ಡಾನ್-ಸಿರಿಯಾ ಕಡೆಯ ಮರುಭೂಮಿಯಲ್ಲಿ ಒಂದೇ ಜಾತಿಯ ಬಾನಾಡಿ ಮಾಸಲು ಮರಳಿನ ಮೇಲೆ ಮಾಸಲಾಗಿಯೂ, ಹಳೆಯ ಜ್ವಾಲಾಮುಖಿಯ ಕಪ್ಪು ಶಿಲೆಯ ಸೀಮೆಯಲ್ಲಿ ಹೊಗೆ ಹಿಡಿದ ಬಣ್ಣವಾಗಿಯೂ ಇದೆ. ಮಣ್ಣಿಗೆ ಹೊಂದದ ಮರಿಗಳು ತಲೆಮಾರಿನಿಂದ ತಲೆಮಾರಿಗೆ ಗಿಡುಗಗಳ ಹೊಟ್ಟೆ ಸೇರಿ, ಹೊಂದಿದವು ಉಳಿದುಕೊಂಡದ್ದರ ಫಲ ಅದು. ಯಾರೂ ಕೂತು ಬಣ್ಣ ಆರಿಸಿದ್ದಲ್ಲ.

ಇಲ್ಲಿಗೆ ಬಂದಾಗ ಚುರುಕು ಬುದ್ಧಿಯ ಮಗು ಕೈ ಎತ್ತುತ್ತದೆ, ಎತ್ತಲೇಬೇಕು. ಕಣ್ಣಿಗೆ ಬೀಳದಿರುವುದೇ ಬದುಕಾದರೆ ಗಂಡಿನ ಹೊಟ್ಟೆಗೇಕೆ ಕಪ್ಪು ಮಸಿ? ಆಕಾಶಕ್ಕೇರಿ ಊರಿಗೆಲ್ಲ ಕೇಳುವಂತೆ ಸೀಟಿ ಹೊಡೆಯುವುದೇಕೆ? ಈ ಹಕ್ಕಿಯ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಪ್ರಶ್ನೆ ಇದೇ.

ಮೊದಲು ಬಣ್ಣ ನೋಡೋಣ. ಬಯಲಿನಲ್ಲಿ ಬದುಕುವ ಪ್ರಾಣಿಗಳಲ್ಲಿ ಬೆನ್ನು ಗಾಢ, ಹೊಟ್ಟೆ ತೆಳು ಇರುವುದು ವಾಡಿಕೆ. ಮೊಲ ನೋಡಿ, ಜಿಂಕೆ ನೋಡಿ. ಬಿಸಿಲು ಬೆನ್ನ ಮೇಲೆ ಬಿದ್ದು, ನೆರಳು ಹೊಟ್ಟೆಯ ಮೇಲೆ ಬಿದ್ದು, ಎರಡೂ ಸರಿಹೋಗಿ ಮೈ ಚಪ್ಪಟೆಯಾಗಿ ಕಾಣುತ್ತದೆ. ಗಂಡು ನೆಲಗುಬ್ಬಿ ಈ ಲೆಕ್ಕವನ್ನು ತಿರುವಿ ಹಾಕಿದೆ. ಆದರೆ ಯಾರು ಎಲ್ಲಿಂದ ನೋಡುತ್ತಾರೆ ಎಂದು ಯೋಚಿಸಿ. ನೆಲದ ಮೇಲೆ ಕುಕ್ಕರಿಸಿದಾಗ ಮೇಲಿನಿಂದ ನೋಡುವ ಗಿಡುಗನಿಗೆ ಕಾಣುವುದು ಬೆನ್ನು ಮಾತ್ರ, ಅದು ಮಣ್ಣಿನ ಬಣ್ಣ. ಕಪ್ಪು ಹೊಟ್ಟೆ ಮಣ್ಣಿಗೆ ಒತ್ತಿಕೊಂಡಿರುತ್ತದೆ. ಅದೇ ಹಕ್ಕಿ ಹಾರಿದಾಗ ಕೆಳಗೆ ಕೂತ ಹೆಣ್ಣಿಗೆ, ಪಕ್ಕದ ಹೊಲದ ಇನ್ನೊಂದು ಗಂಡಿಗೆ, ಬೆಳ್ಳನೆ ಆಕಾಶದ ಮೇಲೆ ಕಾಣುವುದು ಅಚ್ಚುಕಟ್ಟಾದ ಕಪ್ಪು ಗುರುತು. ಮೇಲಿನವರಿಗೆ ಒಂದು ವೇಷ, ಕೆಳಗಿನವರಿಗೆ ಇನ್ನೊಂದು. ಹೆಣ್ಣಿಗೆ ಯಾರಿಗೂ ತೋರಿಸಿಕೊಳ್ಳುವ ಹಂಗಿಲ್ಲ, ಹಾಗಾಗಿ ಅದು ಮೇಲೆ ಕೆಳಗೆ ಎಲ್ಲ ಕಡೆ ಮಣ್ಣೇ.

ಇನ್ನು ಹಾರಾಟ. ಹೊಲದ ಬದುವಿನ ಮೇಲೆ ತಾಳ್ಮೆಯಿಂದ ಕೂತರೆ ಇದನ್ನು ಪೂರ್ತಿ ನೋಡಬಹುದು. ಗಂಡು ಹೆಂಟೆಯ ಮೇಲಿಂದ ಎದ್ದು ರೆಕ್ಕೆಗಳನ್ನು ಪಟಪಟ ನಡುಗಿಸುತ್ತ ಏರುತ್ತದೆ. ಮೂವತ್ತು ಮೀಟರು, ಅಂದರೆ ಎಂಟು ಹತ್ತು ಅಂತಸ್ತಿನ ಕಟ್ಟಡದ ಎತ್ತರ ಮುಟ್ಟಿದ ಮೇಲೆ ಒಂದಿಷ್ಟು ಅಲ್ಲೇ ಸುಳಿದಾಡುತ್ತದೆ. ಆಮೇಲೆ ರೆಕ್ಕೆಗಳನ್ನು ಮೈಗೆ ಅಂಟಿಸಿ ಮೂಗಿನ ನೇರಕ್ಕೆ ಬೀಳುತ್ತದೆ, ಬೀಳುವಾಗ ಉದ್ದವಾಗಿ ಎಳೆದ ಒಂದು ತೆಳು ಸಿಳ್ಳು. ಸ್ವಲ್ಪ ಬಿದ್ದು ರೆಕ್ಕೆ ಬಿಚ್ಚಿ, ಬಿದ್ದ ವೇಗದಲ್ಲೇ ಮೂತಿ ಮೇಲೆತ್ತಿ, ವೇಗ ಕಳೆದುಕೊಂಡು, ಮತ್ತೆ ರೆಕ್ಕೆ ಮುಚ್ಚುತ್ತದೆ, ಮತ್ತೆ ಸಿಳ್ಳು. ಶಾಲೆ ಬಿಟ್ಟಾಗ ನೀವು ಮೆಟ್ಟಿಲುಗಳನ್ನು ಒಂದೊಂದಾಗಿ ಧುಮುಕಿ ಇಳಿಯುತ್ತೀರಲ್ಲ, ಹಾಗೆ ಗಾಳಿಯಲ್ಲಿ ಇಲ್ಲದ ಮೆಟ್ಟಿಲುಗಳನ್ನು ಧುಮುಕುತ್ತ ಇಳಿಯುತ್ತದೆ. ನೆಲ ಇನ್ನೇನು ಬಂತು ಅನ್ನುವಾಗ ಅಡ್ಡಕ್ಕೆ ತಿರುಗಿ ಒಂದು ಕಲ್ಲಿನ ಮೇಲೆ ಬಂದು ಕೂತು ಏನೂ ಆಗದವರ ಹಾಗೆ ಸುತ್ತ ನೋಡುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಆಟ.

ಕೋಗಿಲೆಗೆ ಮಾವಿನ ಕೊಂಬೆಯಿದೆ, ಮಡಿವಾಳ ಹಕ್ಕಿಗೆ ಮನೆಯ ಮಾಳಿಗೆಯಿದೆ. ಎತ್ತರದಲ್ಲಿ ಕೂತು ಹಾಡಿದರೆ ದನಿ ದೂರ ಹೋಗುತ್ತದೆ. ಮರವೇ ಇಲ್ಲದ ಬಯಲಿನಲ್ಲಿ ಹಾಡುವವನು ಎತ್ತರವನ್ನು ಸ್ವಂತ ರೆಕ್ಕೆಯಿಂದ ಸಂಪಾದಿಸಬೇಕು. ಲೋಕದ ಹೆಚ್ಚಿನ ಬಾನಾಡಿಗಳು ಇದನ್ನೇ ಮಾಡುತ್ತವೆ, ಒಂದೊಂದರ ಶೈಲಿ ಬೇರೆ. ಇಂಗ್ಲೆಂಡಿನ ಕವಿಗಳು ತಲೆಯ ಮೇಲೆ ಹೊತ್ತು ಮೆರೆಸಿದ ಸ್ಕೈಲಾರ್ಕ್ ಕಣ್ಣಿಗೆ ಚುಕ್ಕಿಯಾಗುವಷ್ಟು ಮೇಲೇರಿ ನಿಮಿಷಗಟ್ಟಲೆ ಬಿಡದೆ ಹಾಡುತ್ತದೆ. ನಮ್ಮಲ್ಲಿ ಜೆರ್ಡನ್ ಹೆಸರಿನ ಪೊದೆ ನೆಲಗುಬ್ಬಿಯಿದೆ. ಮದ್ರಾಸು ಸೈನ್ಯದಲ್ಲಿ ವೈದ್ಯರಾಗಿದ್ದು 1862ರಿಂದ 1864ರ ನಡುವೆ ಭಾರತದ ಹಕ್ಕಿಗಳ ಮೇಲೆ ದೊಡ್ಡ ಗ್ರಂಥ ಹೊರತಂದ ಜೆರ್ಡನ್ ಅವರು. ಈ ಹಕ್ಕಿ ಪೊದೆಯ ತುದಿಯಿಂದಲೋ ಕರೆಂಟು ತಂತಿಯಿಂದಲೋ ಎದ್ದು, ರೆಕ್ಕೆಗಳನ್ನು ಮೇಲಕ್ಕೆ ಎತ್ತಿ ಹಿಡಿದು, ಕಾಲುಗಳನ್ನು ಜೋಲು ಬಿಟ್ಟು, ಹಾಡುತ್ತ ಪ್ಯಾರಾಚೂಟಿನ ಹಾಗೆ ನಿಧಾನ ಇಳಿಯುತ್ತದೆ. ತಲೆಯ ಮೇಲೆ ಜುಟ್ಟಿರುವ ಇನ್ನೆರಡು ಜಾತಿಗಳೂ, ಕೆಂಗಂದು ಬಾಲದ ಮತ್ತೊಂದೂ ನಮ್ಮ ರಾಜ್ಯದಲ್ಲಿವೆ. ಅವು ಇನ್ನೊಂದು ವಾರಕ್ಕಿರಲಿ.

ಹಾಡುವುದು ಏನನ್ನು? ‘ಈ ಹೊಲ ನನ್ನದು, ಬೇರೆ ಗಂಡುಗಳು ಆಚೆ ಇರಿ’ ಎಂಬುದು ಒಂದು. ‘ನನ್ನ ರೆಕ್ಕೆಯ ಬಲ ನೋಡು’ ಎಂದು ಹೆಣ್ಣಿಗೆ ಹೇಳುವುದು ಇನ್ನೊಂದು. ಅದೇನೋ ಸರಿ, ಚಾಣ ಬಂದರೆ? ನಮ್ಮ ಬಯಲಿನಲ್ಲಿ ಕೆಂಪುತಲೆಯ ಚಾಣ ಎಂಬ ಪುಟ್ಟ ಬೇಟೆಗಾರ ಹಕ್ಕಿ ಇಂಥ ನೆಲಗುಬ್ಬಿಗಳನ್ನೇ ಅಟ್ಟಿಸಿಕೊಂಡು ಹೋಗುತ್ತದೆ. ಸ್ಕಾಟ್ಲೆಂಡಿನ ಕಡಲ ತೀರದಲ್ಲಿ ನಡೆದು 1994ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಲ್ಲಿ ನೆನಪಾಗುತ್ತದೆ. ಮರ್ಲಿನ್ ಎಂಬ ಚಾಣ ಬೆನ್ನಟ್ಟಿದಾಗ ಕೆಲವು ಸ್ಕೈಲಾರ್ಕ್‌ಗಳು ಓಡಿಹೋಗುತ್ತಲೇ ಹಾಡುತ್ತಿದ್ದವು, ಕೆಲವು ಬಾಯಿ ಮುಚ್ಚಿ ಹಾರುತ್ತಿದ್ದವು. ಚೆನ್ನಾಗಿ ಹಾಡಿದವು ಚಾಣಕ್ಕೆ ಸಿಕ್ಕಿಬಿದ್ದದ್ದು ಕಡಿಮೆ. ಚಾಣಗಳೂ ಹಾಡುವ ಹಕ್ಕಿಯನ್ನು ಬೇಗ ಬಿಟ್ಟುಬಿಡುತ್ತಿದ್ದವು. ಪ್ರಾಣಭಯದಲ್ಲಿ ಹಾರುತ್ತಲೇ ಹಾಡುವಷ್ಟು ಉಸಿರು ಉಳಿದಿರುವವನನ್ನು ಬೆನ್ನಟ್ಟಿ ಸುಸ್ತಾಗುವುದು ಯಾಕೆ ಎಂಬ ಲೆಕ್ಕ. ಆ ಹಾಡು ಹೆಣ್ಣಿಗೆ ಮಾತ್ರವಲ್ಲ, ಶತ್ರುವಿಗೂ ಒಂದು ಸಂದೇಶವಾಯಿತು. ನಮ್ಮ ನೆಲಗುಬ್ಬಿಯ ಸಿಳ್ಳಿನಲ್ಲೂ ಅಂಥ ಧಿಮಾಕು ಸ್ವಲ್ಪ ಇದೆ ಎಂದೇ ನನ್ನ ಅನಿಸಿಕೆ.

ಒಂದು ಸಂಗತಿ ಗಮನಿಸಿ: ಗೂಡಿರುವ ಕಡೆಗೇ ನೇರವಾಗಿ ಬಂದಿಳಿಯುವ ದಡ್ಡತನ ಇವು ಮಾಡುವುದಿಲ್ಲ. ಸ್ವಲ್ಪ ದೂರದಲ್ಲಿ ಇಳಿದು, ಅತ್ತಿತ್ತ ಬೀಜ ಹೆಕ್ಕುವ ನಾಟಕ ಮಾಡಿ, ನಡೆದುಕೊಂಡು ಗೂಡು ಸೇರುತ್ತವೆ. ಹಾಡು ಕೇಳಿ ಗೂಡು ಹುಡುಕಲು ಹೊರಟವರಿಗೆ ಗೂಡು ಸಿಗುವುದಿಲ್ಲ.

ನನಗೂ ಗೂಡು ತೋರಿಸಿಕೊಟ್ಟವರು ಚಳ್ಳಕೆರೆ ಕಡೆಯ ಒಂದು ಕಾವಲಿನಲ್ಲಿ ಕುರಿ ಮೇಯಿಸುತ್ತಿದ್ದ ಹಿರಿಯರು. ಕ್ಯಾಮೆರಾ ಹಿಡಿದು ದೂರದ ಹಕ್ಕಿಯ ಮೇಲೆ ಕಣ್ಣಿಟ್ಟು ನಡೆಯುತ್ತಿದ್ದೆ. ಹಿಂದಿನಿಂದ ಕೂಗಿದರು: ‘ಅಲ್ಲೇ ನಿಂತ್ಕಳ್ರಿ ಅಕ್ಕ, ಮುಂದಕ್ಕೆ ಕಾಲಿಡಬ್ಯಾಡ್ರಿ, ಗೂಡೈತೆ.’ ನನ್ನ ಚಪ್ಪಲಿಯಿಂದ ಎರಡು ಗೇಣು ಮುಂದೆ, ಒಣಗಿದ ಹುಲ್ಲಿನ ಒಂದು ಗುತ್ತಿಯ ಬುಡದಲ್ಲಿ, ಹಿಂದಿನ ಮಳೆಗಾಲದಲ್ಲಿ ಯಾವುದೋ ದನ ಊರಿ ಹೋಗಿದ್ದ ಗೊರಸಿನ ಗುಳಿ. ಗುಳಿಯೊಳಗೆ ಹುಲ್ಲಿನ ಎಳೆಗಳ ತೆಳು ಹಾಸು, ಅದರಲ್ಲಿ ಕುರಿಯ ಉಣ್ಣೆಯೂ ಸೇರಿತ್ತು. ಅಂಚಿನ ಸುತ್ತ, ಹುಲ್ಲಿಲ್ಲದ ಬದಿಯಲ್ಲಿ, ಕಡಲೆಕಾಳಿನಿಂದ ಹುಣಸೆ ಬೀಜದವರೆಗಿನ ಗಾತ್ರದ ಕಲ್ಲುಗಳನ್ನೂ ಮಣ್ಣಿನ ಹೆಂಟೆಚೂರುಗಳನ್ನೂ ತಂದು ಒತ್ತಾಗಿ ಜೋಡಿಸಿತ್ತು. ನಡುವೆ ಎರಡು ಮೊಟ್ಟೆ. ಮಾಸಲು ಬಿಳಿಯ ಮೇಲೆ ಕಂದು ಚುಕ್ಕಿ, ನಡುನಡುವೆ ನೇರಳೆ ಛಾಯೆ. ಕಣ್ಣು ಮಿಟುಕಿಸಿ ಮತ್ತೆ ನೋಡಿದರೆ ಎಲ್ಲಿದೆ ಎಂದು ಹೊಸದಾಗಿ ಹುಡುಕಬೇಕಿತ್ತು. ‘ನಿಮ್ಮ ಕುರಿ ತುಳಿಯಲ್ವಾ ಅಣ್ಣ?’ ಎಂದೆ. ‘ಒಂದೊಂದ್ಸಲ ತುಳೀತವೆ. ಒಂದೊಂದು ಕುರಿಗೂ ಹೇಳಕಾಗ್ತದಾ?’ ಎಂದು ಕೋಲು ಬದಲಾಯಿಸಿ ಹೊರಟರು.

ಆ ಕಲ್ಲಿನ ಅಂಚು ಬಾನಾಡಿ ಕುಟುಂಬದ ಹಲವರ ಗೂಡಿನಲ್ಲಿ ಉಂಟು. ಗುಳಿಯ ಹಾಸು ಗಾಳಿಗೆ ಹಾರದಂತೆ ತಡೆಯುತ್ತದೆ, ಮಳೆಯ ನೀರು ಹರಿದು ಒಳಗೆ ಬರದಂತೆ ತಡೆಯುತ್ತದೆ, ಗೂಡಿನ ದುಂಡನೆ ಗೆರೆಯನ್ನು ಒಡೆದು ಸುತ್ತಲಿನ ಜಲ್ಲಿಯ ಜೊತೆ ಬೆರೆಸುತ್ತದೆ ಎಂದು ಹಕ್ಕಿತಜ್ಞರು ಕಾರಣ ಕೊಡುತ್ತಾರೆ. ಮೂರೂ ಇದ್ದರೂ ಇರಬಹುದು.

ಶತ್ರುಗಳಷ್ಟೇ ದೊಡ್ಡ ಕಷ್ಟ ಬಿಸಿಲು. ಮೊಟ್ಟೆಯೊಳಗಿನ ಮರಿ ಬೆಳೆಯಲು ಮೂವತ್ತಾರರಿಂದ ನಲವತ್ತು ಡಿಗ್ರಿ ಸೆಲ್ಸಿಯಸ್ ಬೇಕು, ಅದಕ್ಕಿಂತ ಹೆಚ್ಚು ಬಿಸಿಯಾಗಿ ಹಾಗೆಯೇ ಉಳಿದರೆ ಸಾಯುತ್ತದೆ. ಏಪ್ರಿಲ್ ಮಧ್ಯಾಹ್ನ ನಮ್ಮ ಬಯಲುಸೀಮೆಯ ಬೋಳು ಮಣ್ಣು ಐವತ್ತು ದಾಟುತ್ತದೆ. ಹಾಗಾಗಿ ಈ ತಾಯಿಯ ಕೆಲಸ ಬೆಳಿಗ್ಗೆ ಮೊಟ್ಟೆಗೆ ಕಾವು ಕೊಡುವುದು, ಮಧ್ಯಾಹ್ನ ಮೊಟ್ಟೆಯನ್ನು ತಂಪಾಗಿಡುವುದು. ಬಿಸಿಲೇರಿದಾಗ ಗೂಡಿನ ಮೇಲೆ ಕಾಲೂರಿ ನಿಂತು, ರೆಕ್ಕೆಗಳನ್ನು ಅಗಲಿಸಿ, ತನ್ನ ಮೈಯ ನೆರಳನ್ನು ಮೊಟ್ಟೆಗಳ ಮೇಲೆ ಬೀಳಿಸುತ್ತದೆ. ಹಕ್ಕಿಗೆ ಬೆವರುವ ಗ್ರಂಥಿಗಳಿಲ್ಲ, ಬಾಯಿ ತೆರೆದು ಏದುಸಿರು ಬಿಡುವುದೇ ಮುಖ್ಯ ದಾರಿ. ಈ ಪಾಳಿಯಲ್ಲಿ ಗಂಡೂ ಪಾಲು ತೆಗೆದುಕೊಳ್ಳುತ್ತದೆ. ಆಕಾಶದಲ್ಲಿ ಅಷ್ಟು ಮೆರೆದವನು ಇಲ್ಲಿ ಬಂದು ಬಾಯಿ ಕಳೆದುಕೊಂಡು ಕೊಡೆಯಾಗಿ ನಿಲ್ಲುತ್ತಾನೆ. ಗುತ್ತಿಯ ಬುಡದಲ್ಲಿ, ಹೆಂಟೆಯ ಮಗ್ಗುಲಲ್ಲಿ ಗೂಡು ಮಾಡುವುದಕ್ಕೂ ಇದೇ ಕಾರಣ; ಒಂದು ಗೇಣು ನೆರಳು ಅಲ್ಲಿ ಚಿನ್ನದ ಬೆಲೆಯದು.

ಎರಡು ವಾರದ ಆಸುಪಾಸಿನಲ್ಲಿ ಮೊಟ್ಟೆಯೊಡೆಯುತ್ತದೆ. ನೆಲದಲ್ಲೇ ಮೊಟ್ಟೆಯಿಡುವ ಟಿಟ್ಟಿಭದ ಮರಿಗಳು ಹುಟ್ಟಿದ ದಿನವೇ ತಾಯಿಯ ಹಿಂದೆ ಓಡುತ್ತವೆ, ನೋಡಿರಬಹುದು. ನೆಲಗುಬ್ಬಿಯ ಮರಿಗಳಿಗೆ ಆ ಭಾಗ್ಯವಿಲ್ಲ. ಕಣ್ಣು ತೆರೆದಿಲ್ಲ, ಮೈಮೇಲೆ ಒಣಹುಲ್ಲಿನ ಬಣ್ಣದ ಒಂದಿಷ್ಟು ನವಿರು, ಅಷ್ಟೇ. ಬಾಯಿ ತೆರೆದಾಗ ಮಾತ್ರ ನಾಲಿಗೆಯ ಮೇಲೆ ಕಪ್ಪು ಚುಕ್ಕಿಗಳು ಎದ್ದು ಕಾಣುತ್ತವೆ. ಹುಳ ತಂದ ತಾಯಿಗೆ ‘ಇಲ್ಲಿ ಹಾಕು’ ಎಂಬ ಗುರುತು ಅದು. ಬೀಜ ತಿನ್ನುವ ಅಪ್ಪ ಅಮ್ಮ ಮರಿಗಳಿಗೆ ಬೀಜ ಕೊಡುವುದಿಲ್ಲ; ಮಿಡತೆ, ಕಂಬಳಿಹುಳ, ಜೇಡ ತಂದು ತುರುಕುತ್ತವೆ. ಬೆಳೆಯುವ ಮೈಗೆ ಮಾಂಸ ಬೇಕು. ವರ್ಷದ ಬಹುತೇಕ ತಿಂಗಳಲ್ಲಿ ಎಲ್ಲಾದರೊಂದು ಕಡೆ ಇವುಗಳ ಗೂಡು ಸಿಕ್ಕರೂ ಯಾವ ಊರಿನಲ್ಲಿ ಯಾವಾಗ ಎಂಬುದು ಅಲ್ಲಿನ ಮಳೆಯ ಮೇಲೆ ನಿಂತಿದೆ. ಮಳೆ ಬಂದರೆ ಹುಲ್ಲು, ಹುಲ್ಲು ಬಂದರೆ ಮಿಡತೆ.

‘ದನ ತುಳಿಯುವುದಿಲ್ಲವೇ’ ಎಂದು ಕೇಳಿದ ಮಕ್ಕಳಿಗೆ ಆ ಕುರಿಗಾಹಿಯ ಉತ್ತರವೇ ನನ್ನದೂ. ತುಳಿಯುತ್ತವೆ, ನಾಯಿ ತಿನ್ನುತ್ತದೆ, ಕುಂಟೆ ಹೊಡೆಯುವಾಗ ಮುಚ್ಚಿಹೋಗುತ್ತದೆ. ಬಯಲಿನ ನೆಲದ ಗೂಡುಗಳಲ್ಲಿ ಎಷ್ಟೋ ಕೈಕೊಡುತ್ತವೆ. ನೆಲಗುಬ್ಬಿ ಇದಕ್ಕೆ ಕಂಡುಕೊಂಡ ದಾರಿ, ಬೇಗ ಮುಗಿಸುವುದು. ಮನೆ ಗುಬ್ಬಚ್ಚಿಯ ಮರಿ ಹಾರಲು ಕಲಿಯುವವರೆಗೆ ಎರಡು ವಾರ ಗೂಡಿನಲ್ಲೇ ಆರಾಮಾಗಿ ಕೂತಿರುತ್ತದೆ. ಬಾನಾಡಿ ಕುಟುಂಬದ ಮರಿಗಳು ಎಂಟು ಹತ್ತು ದಿನಕ್ಕೇ, ರೆಕ್ಕೆ ಬಲಿಯುವ ಮೊದಲೇ, ಗೂಡು ಬಿಟ್ಟು ನಡೆದುಬಿಡುತ್ತವೆ. ಒಂದೊಂದು ಒಂದೊಂದು ಗುತ್ತಿಯ ಕೆಳಗೆ ಅಡಗಿ ಕೂರುತ್ತದೆ, ಅಪ್ಪ ಅಮ್ಮ ಹುಡುಕಿಕೊಂಡು ಹೋಗಿ ಊಟ ಕೊಡುತ್ತವೆ. ಎಲ್ಲ ಮರಿಗಳೂ ಒಂದೇ ಕಡೆ ಇದ್ದರೆ ಮುಂಗುಸಿಗೆ ಒಂದೇ ತುತ್ತಿಗೆ ಎಲ್ಲ ಸಿಗುತ್ತದೆ, ಚೆದುರಿದ್ದರೆ ಒಂದು ಹೋದರೂ ಇನ್ನೊಂದು ಉಳಿಯುತ್ತದೆ. ಗೂಡು ಹಾಳಾದರೆ ಜೋಡಿ ಬೇರೆ ಗುಳಿ ನೋಡಿಕೊಂಡು ಮತ್ತೆ ಶುರು ಮಾಡುತ್ತದೆ.

ಗೂಡು ಕಂಡರೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು: ನಿಲ್ಲಬೇಡಿ, ನಡೆಯುತ್ತಲೇ ಇರಿ. ನೀವು ಬಗ್ಗಿ ನೋಡುವುದನ್ನು ಕರೆಂಟು ಕಂಬದ ಮೇಲಿನ ಕಾಗೆ ನೋಡುತ್ತಿರುತ್ತದೆ, ನೀವು ಹೋದ ಮೇಲೆ ಅದು ಇಳಿಯುತ್ತದೆ. ಗುರುತಿಗೆ ಕೋಲು ನೆಡುವುದು, ಬಿಸಿಲಿಗೆ ಕಾಗದ ಮುಚ್ಚುವುದು, ತಟ್ಟೆಯಲ್ಲಿ ನೀರಿಡುವುದು ಎಲ್ಲ ಒಳ್ಳೆಯ ಮನಸ್ಸಿನ ಕೆಲಸಗಳೇ, ಆದರೆ ಎಲ್ಲವೂ ಗೂಡಿನ ವಿಳಾಸವನ್ನು ಊರಿಗೆ ಸಾರುತ್ತವೆ. ಹೊಲದ ಯಜಮಾನರು ಪರಿಚಯದವರಾದರೆ ಒಂದು ಮಾತು ಹೇಳಿಡಿ. ಎಷ್ಟೋ ರೈತರು ಆ ಒಂದು ಮಾರು ಜಾಗ ಬಿಟ್ಟು ಕುಂಟೆ ಹೊಡೆಯುತ್ತಾರೆ.

ಇದು ಅಳಿವಿನ ಅಂಚಿನಲ್ಲಿದೆಯೇ? ಇಲ್ಲ. ಎಲ್ಲದಕ್ಕೂ ‘ಅಳಿದುಹೋಗುತ್ತಿದೆ’ ಎಂದು ಮಕ್ಕಳನ್ನು ಹೆದರಿಸುವುದು ನನಗೆ ಹಿಡಿಸದು. ಅಪಾಯದಲ್ಲಿರುವ ಜೀವಿಗಳ ಲೆಕ್ಕವಿಡುವ ಐಯುಸಿಎನ್ ಪಟ್ಟಿಯಲ್ಲಿ ಇದು ಸದ್ಯಕ್ಕೆ ಆತಂಕವಿಲ್ಲದ ಹಕ್ಕಿ. ಹೊಲ, ಖಾಲಿ ಸೈಟು ಏನು ಸಿಕ್ಕರೂ ಸುಧಾರಿಸಿಕೊಳ್ಳುವುದರಿಂದ ಉಳಿದಿದೆ. ಆದರೆ ಅದೇ ಬಯಲನ್ನೇ ನಂಬಿದ, ಅಷ್ಟು ಹೊಂದಿಕೊಳ್ಳದ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ಗತಿ ಏನಾಯಿತೆಂದು ದೊಡ್ಡವರನ್ನು ಕೇಳಿ. ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಗಳ ಅಭಯಾರಣ್ಯ ಆಯಿತು, ಎರ್ಲಡ್ಡು ಅಲ್ಲಿಯೂ ಇತ್ತು. ಅಭಯಾರಣ್ಯದ ದೊಡ್ಡ ಭಾಗವನ್ನು ನೀಲಗಿರಿ ನೆಡುತೋಪು ಆವರಿಸಿತ್ತು. ಕೃಷ್ಣಮೃಗಗಳು ಉಳಿದವು, ಎರ್ಲಡ್ಡು ಹೋಯಿತು. ಒಮ್ಮೆ ಮೈಸೂರು ಅರಸರ ದನಗಳಿಗೆಂದು ಮೀಸಲಿದ್ದ ಅಮೃತ ಮಹಲ್ ಕಾವಲುಗಳೂ ತುಂಡು ತುಂಡಾಗಿ ಬೇರೆ ಬೇರೆ ಕೆಲಸಕ್ಕೆ ಹೋದವು. ಚಳ್ಳಕೆರೆಯಲ್ಲೇ ಸಾವಿರಾರು ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಉಳಿದಲ್ಲಿ ಬಳ್ಳಾರಿ ಜಾಲಿ ನುಗ್ಗುತ್ತಿದೆ. ಒಳ್ಳೆಯ ಸುದ್ದಿಯೂ ಇಲ್ಲದಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಆಯಿತು. ಬೆಂಗಳೂರಿನ ಮಗ್ಗುಲಿನ ಹೆಸರಘಟ್ಟದ ಹುಲ್ಲುಗಾವಲಿಗೂ ವರ್ಷಗಟ್ಟಲೆ ಹಗ್ಗಜಗ್ಗಾಟದ ಮೇಲೆ 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿಯ ಒಪ್ಪಿಗೆ ಸಿಕ್ಕಿತು. ಎರಡೂ ಕಡೆ ನೆಲಗುಬ್ಬಿ ಧಾರಾಳ.

ಶಾಲೆಯ ವನಮಹೋತ್ಸವದಲ್ಲಿ ಸಸಿ ನೆಡುವ ಮಕ್ಕಳಿಗೆ ಒಂದು ಮಾತು. ರಸ್ತೆ ಬದಿಯಲ್ಲಿ ನೆಡಿ, ಶಾಲೆಯ ಅಂಗಳದಲ್ಲಿ ನೆಡಿ, ಕೆರೆ ಏರಿಯ ಕೆಳಗೆ ನೆಡಿ. ಬರೀ ಹುಲ್ಲು ಬೆಳೆದ ಬಯಲು ಕಂಡರೆ ಮಾತ್ರ ಗುದ್ದಲಿ ಕೆಳಗಿಟ್ಟು ಅಲ್ಲಿ ಈಗಾಗಲೇ ಯಾರಿದ್ದಾರೆಂದು ಒಂದು ಬೆಳಿಗ್ಗೆ ಕೂತು ನೋಡಿ. ಮರ ಬಂದರೆ ಕಾಗೆಗೆ ಕೂರಲು ಕೊಂಬೆ ಬರುತ್ತದೆ, ಕೊಂಬೆಯಿಂದ ಇಡೀ ಬಯಲಿನ ಗೂಡುಗಳು ಕಾಣುತ್ತವೆ. ಈ ಮಾತಿಗೆ ಕೆಲವು ಮೇಷ್ಟರುಗಳು ನನ್ನ ಮೇಲೆ ಮುನಿಸಿಕೊಂಡಿದ್ದಾರೆ, ಇರಲಿ.

ಕೊನೆಯದಾಗಿ, ಮರಿ ತಂದು ಸಾಕಬಹುದೇ ಎಂದು ಕೇಳಿದವರಿಗೆ: ಆಗದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಕಾಡು-ಬಯಲಿನ ಹಕ್ಕಿಗಳನ್ನು ಹಿಡಿಯುವುದೂ ಪಂಜರದಲ್ಲಿಡುವುದೂ ಅಪರಾಧ. ಉತ್ತರ ಭಾರತದಲ್ಲಿ ಜುಟ್ಟಿನ ಬಾನಾಡಿಗಳನ್ನು ಹಾಡಿಗಾಗಿ ಪಂಜರದಲ್ಲಿ ಸಾಕುವ ಹವ್ಯಾಸ ಹಿಂದೆ ಬಹಳವಿತ್ತು. ಆಕಾಶಕ್ಕೇರಿ ಹಾಡುವ ಹಕ್ಕಿಯನ್ನು ಗೇಣುದ್ದದ ಪಂಜರದಲ್ಲಿಟ್ಟು ಏನು ನೋಡುತ್ತಿದ್ದರೋ!

ಮುಂದಿನ ಪತ್ರ ಬರೆಯುವಾಗ ಮೂರು ವಿವರ ಮರೆಯದೆ ಸೇರಿಸಿ. ಮಣ್ಣು ಕೆಂಪೋ ಕಪ್ಪೋ, ಹಕ್ಕಿ ಧುಮುಕಿ ಧುಮುಕಿ ಇಳಿಯಿತೋ ರೆಕ್ಕೆ ಎತ್ತಿ ತೇಲಿ ಇಳಿಯಿತೋ, ಇಳಿದ ಮೇಲೆ ಕಲ್ಲಿನ ಮೇಲೆ ಕೂತಿತೋ ತಂತಿಯ ಮೇಲೋ. ಹೊಟ್ಟೆ ಕಪ್ಪಗಿತ್ತೇ ಎಂದೂ ನೋಡಿಕೊಂಡರೆ ಇನ್ನೂ ಒಳ್ಳೆಯದು. ಇಷ್ಟಿದ್ದರೆ ಮೇಲೆ ಹೇಳಿದ ಐದು ಜಾತಿಗಳಲ್ಲಿ ನಿಮಗೆ ಕಂಡದ್ದು ಯಾವುದೆಂದು ಇಲ್ಲಿಂದಲೇ ಹೇಳಲು ನೋಡುತ್ತೇನೆ. ಮೊಬೈಲಿನ ಮಸುಕು ಫೋಟೊ ಕಳಿಸುವುದಕ್ಕಿಂತ ಇದು ವಾಸಿ.